ಬಾವಿ ನೀರು ಸಿಕ್ತು, ಬಾವಿ ತೋಡಿಸೋ ಕಂತ್ರಾಟು?

ಬರಹ ಸ್ವಲ್ಪ ಉದ್ದ ಇದೆ. ಪುರುಸೊತ್ತು ಮಾಡ್ಕೊಂಡು ಓದಿ, ಅರ್ಧಕ್ಕೆ ಬಿಟ್ಟು ಲೈಕ್ ಒತ್ತಿ ಹೋಗಬೇಡಿ.

ಈ ಸಲ ಮಳೆ ಕಡಿಮೆಯಾದ ಮೇಲೆ ನಿಲ್ಕುಂದಕ್ಕೆ ಹೋಗಿದ್ದೆ. ಅಜ್ಜಿ ಮನೆ ಆ ಕಡೆ. ಗೊತ್ತಿಲ್ಲದವರಿಗೆ ಹೇಳೋದಾದ್ರೆ, ಸಿದ್ದಾಪುರ ತಾಲೂಕಿನಲ್ಲಿ ಘಟ್ಟದ ಅಂಚಿಗೆ ಇರೋ ಊರು. ಅಡಿಕೆ ತೋಟ, ಕಾಡು, ಬಿಡದೆ ಹೊಡೆಯೋ ಮಳೆ. ದಾರಿಯಲ್ಲಿ ಒಂದು ಮೋರಿ ಪಕ್ಕ ಕಾಮಗಾರಿ ಬೋರ್ಡು ನಿಲ್ಸಿದ್ರು. ಕಾಮಗಾರಿ ಹೆಸರು ಇತ್ತು, ಅಂದಾಜು ಮೊತ್ತ ಇತ್ತು. 'ಗುತ್ತಿಗೆದಾರರ ಹೆಸರು' ಅಂತ ಬರೆದ ಸಾಲಿನ ಮುಂದೆ ಮಾತ್ರ ದಪ್ಪಕ್ಕೆ ಪಾಚಿ ಕಟ್ಟಿತ್ತು. ಜೊತೆಗಿದ್ದ ಮಾವ ಕತ್ತಿ ತುದಿಯಿಂದ ಅದನ್ನ ಕೆರೆದ. ಕೆಳಗೆ ಏನೂ ಬರೆದೇ ಇರಲಿಲ್ಲ. "ಹಳೇ ಮೋರಿ ಕಲ್ಲು ಹೊತ್ತವನು ನಿನ್ನ ಅಜ್ಜ. ಹೊಸದು ಯಾರದ್ದೋ ಏನೋ" ಅಂದ.

ಆ ಖಾಲಿ ಸಾಲು ತಲೇಲಿ ಕೂತುಬಿಡ್ತು. ಅದಕ್ಕೇ ಈ ಬರಹ.

ನಾವು ಮೀಸಲಾತಿ ಅಂದ್ರೆ ಶಾಲೆ, ಹಾಸ್ಟೆಲ್ಲು, ನೌಕರಿ, ಚುನಾವಣೆ ಸೀಟು, ಇಷ್ಟನ್ನೇ ಮಾತಾಡ್ತೀವಿ. ಸರ್ಕಾರ ಸಂಬಳ ಕೊಡೋದರ ಜೊತೆಗೆ ಇನ್ನೊಂದು ಕೆಲಸಾನೂ ಮಾಡತ್ತೆ: ಕೊಳ್ಳತ್ತೆ. ರಸ್ತೆ ಕೊಳ್ಳತ್ತೆ, ಮೋರಿ ಕೊಳ್ಳತ್ತೆ, ಹಾಸ್ಟೆಲ್ಲಿಗೆ ಅಕ್ಕಿ, ಆಸ್ಪತ್ರೆಗೆ ಔಷಧಿ, ಶಾಲೆಗೆ ಬೆಂಚು, ಕಚೇರಿಗೆ ಕಾಗದ ಕೊಳ್ಳತ್ತೆ. ಆ ದುಡ್ಡು ಯಾರ ಕೈಗೆ ಹೋಗತ್ತೋ ಅವರೇ ಐದು ವರ್ಷಕ್ಕೊಮ್ಮೆ ಊರಲ್ಲಿ ಕಾರು ಓಡಿಸ್ತಾರೆ, ಮುಂದಿನ ಸಲ ಅವರೇ ಟಿಕೆಟ್ ಕೇಳ್ತಾರೆ. ನಾವು ಎಲ್ಲಿದ್ವಿ ಈ ವ್ಯಾಪಾರದಲ್ಲಿ? ಕಲ್ಲು ಹೊರೋ ಕಡೆ.

ನಮ್ಮ ಜಿಲ್ಲೆಯಿಂದಲೇ ಶುರು ಮಾಡ್ತೀನಿ. ಕೆನರಾ ಅಂತ ಕರೀತಿದ್ದ ಈ ಸೀಮೆ ಮದ್ರಾಸ್ ಪ್ರಾಂತ್ಯದಲ್ಲಿತ್ತು. 1862ರಲ್ಲಿ ಉತ್ತರ ಭಾಗವನ್ನ ಕಿತ್ತು ಮುಂಬೈ ಪ್ರಾಂತ್ಯಕ್ಕೆ ಸೇರಿಸಿದ್ರು. ಯಾಕೆ? ಹತ್ತಿ. 1861ರಲ್ಲಿ ಅಮೆರಿಕಾದಲ್ಲಿ ಗುಲಾಮಗಿರಿ ವಿಚಾರಕ್ಕೆ ಅಂತರ್ಯುದ್ಧ ಹತ್ಕೊಂಡಿತು, ಇಂಗ್ಲೆಂಡಿನ ಗಿರಣಿಗಳಿಗೆ ಹತ್ತಿ ನಿಂತು ಹೋಯ್ತು. ಧಾರವಾಡ ಸೀಮೆಯ ಹತ್ತಿ ಘಟ್ಟ ಇಳಿದು ಕರಾವಳಿ ಬಂದರಿಗೆ ಬರಬೇಕಿತ್ತು. ಕುಮಟಾ ಬಂದರಿಂದ ಹೋಗ್ತಿದ್ದ ಹತ್ತಿಗೆ ಪೇಟೆಯಲ್ಲಿ 'ಕುಂಪ್ಟಾ' ಅಂತಲೇ ಹೆಸರು. ಮುಂಬೈ ವ್ಯಾಪಾರಿಗಳಿಗೆ ಬಂದರು ಬೇಕು, ಘಟ್ಟದ ರಸ್ತೆ ಬೇಕು. ನಾವು ಇವತ್ತು ಶಿರಸಿಯಿಂದ ದೇವಿಮನೆ ಘಟ್ಟ ಇಳಿದು ಕುಮಟಾಕ್ಕೆ ಹೋಗೋ ಹಾದಿ ಆ ಕಾಲದಲ್ಲಿ ಗಾಡಿಗಟ್ಟಲೆ ಹತ್ತಿ ಕಂಡಿದ್ದು. ಅಲ್ಲಿ ಆಫ್ರಿಕಾದಿಂದ ತಂದ ಗುಲಾಮರು ಬಿಡಿಸ್ತಿದ್ದ ಹತ್ತಿ ನಿಂತಿದ್ದಕ್ಕೆ ಇಲ್ಲಿ ರಸ್ತೆಗೆ ಗಡಿಬಿಡಿ ಬಿತ್ತು. ಇದನ್ನ ನಾನು ಯಾವಾಗ ನೆನೆಸಿಕೊಂಡ್ರೂ ಮೈ ಜುಂ ಅನ್ನತ್ತೆ.

ಸಾರ್ವಜನಿಕ ಕೆಲಸಗಳಿಗೆ ಅಂತಲೇ ಒಂದು ಇಲಾಖೆ, ಅಂದ್ರೆ ಪಿಡಬ್ಲ್ಯೂಡಿ, ಹುಟ್ಟಿದ್ದು 1850ರ ದಶಕದಲ್ಲಿ, ಡಾಲ್‌ಹೌಸಿ ಕಾಲದಲ್ಲಿ. ಅಂದಾಜು ಪಟ್ಟಿ, ಅಳತೆ ಪುಸ್ತಕ, ಬಿಲ್ಲು, ಕಂತ್ರಾಟು, ಈ ಶಬ್ದಗಳೆಲ್ಲ ಅದರ ಜೊತೆಗೇ ಹಳ್ಳಿಗೆ ಬಂದ್ವು. ನಮ್ಮ ಕಡೆ ಈಗಲೂ ಹಳಬರು 'ಗುತ್ತಿಗೆ' ಅನ್ನಲ್ಲ, 'ಕಂತ್ರಾಟು' ಅಂತಾರೆ. ಕಂತ್ರಾಟು ಹಿಡಿಯೋಕೆ ಏನು ಬೇಕು? ಮುಂಗಡ ಹಾಕೋಕೆ ದುಡ್ಡು, ಜಾಮೀನಿಗೆ ಜಮೀನು, ಸಾಹೇಬನ ಕಚೇರಿ ಮೆಟ್ಟಿಲು ಹತ್ತೋ ಹಕ್ಕು, ಓದು ಬರಹ. ನಮಗೆ ಈ ನಾಲ್ಕರಲ್ಲಿ ಒಂದೂ ಇರಲಿಲ್ಲ. ಬಿಟ್ಟಿ ಚಾಕರಿ ಗೊತ್ತಿದ್ದ ಜನಕ್ಕೆ ಕೂಲಿ ಸಿಕ್ಕಿದ್ದೇ ದೊಡ್ಡದು ಅನ್ನಿಸಿತು. ಅಳತೆ ಪುಸ್ತಕದಲ್ಲಿ ಕಲ್ಲಿನ ಲೆಕ್ಕ ಬರ್ತಿತ್ತು, ಕಲ್ಲು ಒಡೆದವನ ಹೆಸರು ಬರ್ತಿರಲಿಲ್ಲ.

ಈಗ 1923ಕ್ಕೆ ಬನ್ನಿ. ಮುಂಬೈ ಶಾಸನ ಪರಿಷತ್ತಿನಲ್ಲಿ ಸೀತಾರಾಮ್ ಕೇಶವ ಬೋಲೆ ಒಂದು ನಿರ್ಣಯ ಮಂಡಿಸಿದ್ರು, ಆಗಸ್ಟ್ 4ರಂದು ಪಾಸಾಯ್ತು. ಸಾರ್ವಜನಿಕ ಹಣದಲ್ಲಿ ಕಟ್ಟಿದ, ಸಾರ್ವಜನಿಕ ಹಣದಲ್ಲಿ ನಡೆಯೋ ಬಾವಿ, ಕೆರೆ, ಧರ್ಮಶಾಲೆ, ಶಾಲೆ, ಕೋರ್ಟು, ಕಚೇರಿ, ಆಸ್ಪತ್ರೆ ಎಲ್ಲವೂ ಅಸ್ಪೃಶ್ಯರಿಗೆ ತೆರೆದಿರಬೇಕು ಅಂತ. ಆಗ ನಮ್ಮ ಜಿಲ್ಲೆ ಮುಂಬೈ ಪ್ರಾಂತ್ಯ, ಹಾಗಾಗಿ ಈ ನಿರ್ಣಯ ಸಿದ್ದಾಪುರ, ಶಿರಸಿ, ಯಲ್ಲಾಪುರಕ್ಕೂ ಸೇರಿದ್ದು. ಮಹಾಡಿನ ಪುರಸಭೆ ಇದನ್ನ ಒಪ್ಪಿ ಠರಾವು ಮಾಡ್ತು, ಆದ್ರೆ ಕೆರೆ ಮುಟ್ಟೋಕೆ ಬಿಡಲಿಲ್ಲ. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಚವದಾರ್ ಕೆರೆಯ ನೀರು ಮುಟ್ಟಿದ್ದು ಅದಕ್ಕೇ. ಆ ಕತೆ ನಮಗೆಲ್ಲ ಬಾಯಿಪಾಠ.

ಬಾಯಿಪಾಠ ಇಲ್ಲದ್ದು ಮಧ್ಯದ ಒಂದು ತುಂಡು. 1926ರಲ್ಲಿ ಬೋಲೆ ಇನ್ನೊಂದು ನಿರ್ಣಯ ತಂದ್ರು: ಮೊದಲ ನಿರ್ಣಯ ಪಾಲಿಸದ ಪುರಸಭೆ, ಲೋಕಲ್ ಬೋರ್ಡುಗಳಿಗೆ ಸರ್ಕಾರದ ಅನುದಾನ ನಿಲ್ಲಿಸಿ ಅಂತ. ನೋಡಿ, ಜಾತಿ ಎಲ್ಲಿ ಜಗ್ಗತ್ತೆ ಅಂತ ಆ ಮನುಷ್ಯನಿಗೆ ಗೊತ್ತಿತ್ತು. ಧರ್ಮಶಾಸ್ತ್ರದ ಜೊತೆ ವಾದ ಮಾಡ್ತಾ ಕೂರಲಿಲ್ಲ, ಗಲ್ಲಾಪೆಟ್ಟಿಗೆ ಮೇಲೆ ಕೈ ಇಟ್ರು.

ಆದ್ರೂ ಆ ನಿರ್ಣಯ ಕೇಳಿದ್ದು ಬಾವಿ ಯಾರು *ಬಳಸಬೇಕು* ಅಂತ. ಸಾರ್ವಜನಿಕ ಹಣದಲ್ಲಿ ಬಾವಿ *ತೋಡಿಸೋ* ಕಂತ್ರಾಟು ಯಾರಿಗೆ ಸಿಗಬೇಕು ಅನ್ನೋ ಪ್ರಶ್ನೆ ಉಳಿದೇ ಇತ್ತು. ಅದನ್ನೂ ಕೇಳಿದ್ದು ಬಾಬಾಸಾಹೇಬರೇ. 1942ರಲ್ಲಿ ಅವರು ವೈಸ್‌ರಾಯ್ ಕಾರ್ಯಕಾರಿ ಮಂಡಳಿಯಲ್ಲಿ ಕಾರ್ಮಿಕ ಸದಸ್ಯರಾದ್ರು. ಕೇಂದ್ರದ ಲೋಕೋಪಯೋಗಿ ಇಲಾಖೆ ಅವರ ಖಾತೆ ಕೆಳಗೇ ಇತ್ತು, ಗುತ್ತಿಗೆದಾರರ ಪಟ್ಟಿ ಅವರ ಟೇಬಲ್ ಮೇಲೇ ಬರ್ತಿತ್ತು. ಅದೇ ವರ್ಷದ ಅಕ್ಟೋಬರಿನಲ್ಲಿ ಪರಿಶಿಷ್ಟರ ಕುಂದುಕೊರತೆ ಬಗ್ಗೆ ವೈಸ್‌ರಾಯ್‌ಗೆ ಒಂದು ಮನವಿ ಬರೆದ್ರು. ಶಾಸನಸಭೆ ಸೀಟು, ನೌಕರಿ, ವಿದೇಶದಲ್ಲಿ ಓದೋಕೆ ವಿದ್ಯಾರ್ಥಿವೇತನ, ಎಲ್ಲ ಇದೆ ಅದರಲ್ಲಿ. ಜೊತೆಗೆ ಸರ್ಕಾರಿ ಗುತ್ತಿಗೆಗಳ ವಿಷಯಾನೂ ಇದೆ. ಸರ್ಕಾರ ಇಷ್ಟು ಕೆಲಸ ಕೊಡತ್ತೆ, ಅದರಲ್ಲಿ ನಮ್ಮವರು ಇಲ್ಲವೇ ಇಲ್ಲ ಅನ್ನೋ ಹಾಗಿದ್ದಾರೆ ಅಂತ. ಸೀಟು, ನೌಕರಿ, ಓದು ಮೂರನ್ನೂ ನಮ್ಮ ಚಳವಳಿ ಎತ್ಕೊಂಡು ಹೋಯ್ತು. ಗುತ್ತಿಗೆ ಮಾತ್ರ ಹಿಂದೆ ಬಿತ್ತು. ಇದನ್ನ ಬೇರೆಯವರ ಮೇಲೆ ಹಾಕಲ್ಲ. ಭೂಮಿ, ಹಾಸ್ಟೆಲ್, ದೌರ್ಜನ್ಯ ಅಂತ ಬೀದೀಲಿದ್ದ ನಮಗೆ 'ಕಂಟ್ರಾಕ್ಟರ್' ಅಂದ್ರೆ ಶತ್ರುವಿನ ಹೆಸರು. ನಮ್ಮವನೊಬ್ಬ ಕಂಟ್ರಾಕ್ಟರ್ ಆಗಲಿ ಅಂತ ಘೋಷಣೆ ಕೂಗೋಕೆ ನಾಚಿಕೆ. ನನಗೂ ಇತ್ತು.

ಸ್ವಾತಂತ್ರ್ಯ ಬಂದ ಮೇಲೆ, 1956ರಲ್ಲಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಬಂದ ಮೇಲೂ, ಟೆಂಡರ್ ಅನ್ನೋದು ಇಲಾಖೆಯ ಕೈಪಿಡಿ, ಸುತ್ತೋಲೆಗಳ ಮೇಲೆ ನಡೀತಿತ್ತು. ಕಾನೂನು ಅಂತ ಇರಲಿಲ್ಲ. ಯಾವ ಪತ್ರಿಕೇಲಿ ಪ್ರಕಟಣೆ ಬಂತು, ಟೆಂಡರ್ ಫಾರಂ ಯಾರಿಗೆ ಸಿಕ್ತು, ಕೊನೇ ದಿನ ಪೆಟ್ಟಿಗೆ ಹತ್ರ ಯಾರು ನಿಂತಿದ್ರು, ಇದರಲ್ಲೇ ಎಲ್ಲ ತೀರ್ಮಾನ. 1974ರ ಭೂಸುಧಾರಣೆ ಗೇಣಿದಾರರಿಗೆ ಭೂಮಿ ಕೊಡ್ತು. ನಮ್ಮ ಸೀಮೆಯಲ್ಲಿ ನಮ್ಮವರಲ್ಲಿ ಬಹಳ ಜನ ಗೇಣಿದಾರರೂ ಆಗಿರಲಿಲ್ಲ, ಬರೀ ಕೂಲಿ. ಭೂಮಿ ಇಲ್ಲ ಅಂದ್ರೆ ತಹಶೀಲ್ದಾರ್ ಸಾಲ್ವೆನ್ಸಿ ಸರ್ಟಿಫಿಕೇಟ್ ಕೊಡಲ್ಲ. ಸಾಲ್ವೆನ್ಸಿ ಇಲ್ಲ ಅಂದ್ರೆ ಲೈಸೆನ್ಸ್ ಇಲ್ಲ. ಹೊಲ ಇದ್ದವನಿಗೆ ರಸ್ತೆ ಸಿಕ್ತು, ರಸ್ತೆ ಸಿಕ್ಕವನಿಗೆ ಇನ್ನೊಂದು ಹೊಲ ಸಿಕ್ತು.

ಅದೇ 1974ರಲ್ಲಿ ಲ್ಯಾಂಡ್ ಆರ್ಮಿ ಕಾರ್ಪೊರೇಷನ್ ಆಯ್ತು, ಈಗಿನ ಕೆಆರ್‌ಐಡಿಎಲ್. ಕಂತ್ರಾಟುದಾರ ಬೇಡ, ಹಳ್ಳಿಯ ಬಡವರೇ ಸೇರಿ ಕೆಲಸ ಮಾಡಲಿ ಅನ್ನೋ ಒಳ್ಳೇ ಆಸೆಯಿಂದ ಹುಟ್ಟಿದ್ದು. ಅದರ ಕತೆ ಏನಾಯ್ತು ಅಂತ ಮುಂದೆ ಹೇಳ್ತೀನಿ.

ಟೆಂಡರಿಗೆ ಕಾನೂನು ಅಂತ ಬಂದಿದ್ದು ತಮಿಳುನಾಡಲ್ಲಿ ಮೊದಲು, 1998ರಲ್ಲಿ. ಹಿಂದೆಯೇ ಕರ್ನಾಟಕದ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಕಾಯ್ದೆ, 1999. ಎಲ್ಲರೂ ಕೆಟಿಪಿಪಿ ಅಂತಾರೆ. 2000ದಲ್ಲಿ ಜಾರಿಗೆ ಬಂತು. ಕೇಂದ್ರ ಸರ್ಕಾರ ಇಂಥದ್ದೊಂದು ಮಸೂದೆಯನ್ನ 2012ರಲ್ಲಿ ಲೋಕಸಭೆಗೆ ತಂದು, ಪಾಸು ಮಾಡದೇ ಬಿಟ್ಟು, ಅದು ಬಿದ್ದೇ ಹೋಯ್ತು. ಹಾಗಾಗಿ ಕೆಟಿಪಿಪಿ ಸಣ್ಣ ವಿಷಯ ಅಲ್ಲ. ಟೆಂಡರ್ ಬುಲೆಟಿನ್‌ನಲ್ಲಿ ಪ್ರಕಟಿಸಬೇಕು, 2 ಕೋಟಿವರೆಗಿನ ಟೆಂಡರಿಗೆ 30 ದಿನ, ಅದಕ್ಕೂ ಮೇಲಿನದಕ್ಕೆ 60 ದಿನ ಸಮಯ ಕೊಡಬೇಕು ಅಂತ ಆಗಿನ ನಿಯಮ. ಅನ್ಯಾಯ ಆದವನು 30 ದಿನದೊಳಗೆ ಮೇಲ್ಮನವಿ ಹಾಕಬಹುದು, ಸೆಕ್ಷನ್ 16. 2007ರ ಹೊತ್ತಿಗೆ ಇ-ಪ್ರೊಕ್ಯೂರ್‌ಮೆಂಟ್ ಬಂತು, ಟೆಂಡರ್ ಪೆಟ್ಟಿಗೆ ಹತ್ರ ರೌಡಿಗಳು ನಿಲ್ಲೋದು ತಪ್ಪಿತು. ಇದನ್ನ ಒಪ್ಪಲೇಬೇಕು. ಎಲ್ಲದಕ್ಕೂ 'ಕಣ್ಕಟ್ಟು' ಅನ್ನೋ ಚಾಳಿ ನಮ್ಮಲ್ಲೂ ಇದೆ, ಅದು ಬೇಡ.

ಆದ್ರೆ ಆ ಕಾಯ್ದೆಗೆ ಎಲ್ಲರೂ ಸಮ. ಗೆರೆ ಮೇಲೆ ಎಲ್ಲರನ್ನೂ ನಿಲ್ಸಿ ಓಡಿ ಅಂತು. ಒಬ್ಬನ ಹತ್ರ ಟಿಪ್ಪರ್ ಇದೆ, ಇನ್ನೊಬ್ಬನ ಹತ್ರ ಬುಟ್ಟಿ ಇದೆ ಅಂತ ನೋಡಲಿಲ್ಲ.

ಈ ನಡುವೆ 2002ರ ಜನವರಿಯಲ್ಲಿ ಭೋಪಾಲ್‌ನಲ್ಲಿ ದಲಿತ ಚಿಂತಕರ ಸಮಾವೇಶ ಆಯ್ತು. ಸರ್ಕಾರಿ ಖರೀದಿಯಲ್ಲಿ ನಮಗೆ ಪಾಲು ಬೇಕು ಅನ್ನೋದು ಅಲ್ಲಿನ ಘೋಷಣೆಯ ಮುಖ್ಯ ಮಾತುಗಳಲ್ಲಿ ಒಂದು. 2012ರ ಕೇಂದ್ರದ ಖರೀದಿ ನೀತಿ ಸಣ್ಣ ಉದ್ದಿಮೆಗಳಿಂದ ಕೊಳ್ಳೋದರಲ್ಲಿ ಎಸ್‌ಸಿ-ಎಸ್‌ಟಿ ಉದ್ದಿಮೆಗಳಿಗೆ ಒಟ್ಟು ಖರೀದಿಯ 4% ಅಂತ ಗುರಿ ಹಾಕ್ತು. ವರ್ಷ ವರ್ಷವೂ ಅದಕ್ಕಿಂತ ಬಹಳ ಕೆಳಗೇ ಉಳೀತು. ಕೊಡದೇ ಇದ್ರೆ ಯಾರಿಗೂ ಏನೂ ಆಗಲ್ಲ ಅಂದ್ಮೇಲೆ ಯಾರು ಕೊಡ್ತಾರೆ? ಬೋಲೆಯವರ 1926ರ ನಿರ್ಣಯ ನೆನಪು ಮಾಡ್ಕೊಳ್ಳಿ.

ಕರ್ನಾಟಕದಲ್ಲಿ 2013ರಲ್ಲಿ ಎಸ್‌ಸಿಎಸ್‌ಪಿ-ಟಿಎಸ್‌ಪಿ ಕಾಯ್ದೆ ಬಂತು. ಜನಸಂಖ್ಯೆಗೆ ತಕ್ಕ ಹಾಗೆ ಬಜೆಟ್ಟಲ್ಲಿ 24.1% ನಮಗೆ. ನಮ್ಮ ಕೇರಿಗಳಿಗೆ ಸಿಮೆಂಟ್ ರಸ್ತೆ ಬಂತು, ಸಮುದಾಯ ಭವನ ಬಂತು. ಆಗ ನಾನು ಒಂದು ಕೇರೀಲಿ ನಿಂತು ನೋಡಿದ್ದು ಮರೆಯಲ್ಲ. ಹಣ ನಮ್ಮ ಹೆಸರಿಂದು. ರಸ್ತೆ ನಮ್ಮ ಮನೆ ಮುಂದೆ. ಮಿಕ್ಸರ್ ಹೊರಗಿನದು, ಕಂತ್ರಾಟುದಾರ ಹೊರಗಿನವ, ಕೂಲಿಗಳೂ ಹೊರಗಿನವರು. ನಮ್ಮ ಹುಡುಗರು ಮನೆ ಚಿಟ್ಟೆ ಮೇಲೆ ಕೂತು ನೋಡ್ತಿದ್ರು. ಕಂತ್ರಾಟುದಾರನಿಗೆ ಬಾಯಾರಿತ್ತು. ಕೇರಿ ಮನೆ ನೀರು ಕುಡಿಯಲಿಲ್ಲ, ಕಾರಲ್ಲಿದ್ದ ಬಾಟಲಿ ತರಿಸಿದ. 1923ರ ನಿರ್ಣಯಕ್ಕೆ ಆಗ ತೊಂಬತ್ತು ವರ್ಷ ಆಗಿತ್ತು.

2016ರಲ್ಲಿ ಕೆಟಿಪಿಪಿಗೆ ತಿದ್ದುಪಡಿ, 2017ರಿಂದ ಜಾರಿ. 50 ಲಕ್ಷದವರೆಗಿನ ಕಟ್ಟಡ-ರಸ್ತೆ ಕಾಮಗಾರಿಗಳಲ್ಲಿ ಪರಿಶಿಷ್ಟ ಜಾತಿಗೆ 17.15%, ಪಂಗಡಕ್ಕೆ 6.95%. ಭೋಪಾಲ್‌ನಲ್ಲಿ ಕೇಳಿದ್ದು, ಅದಕ್ಕೂ ಮುಂಚೆ 1942ರಲ್ಲಿ ಕೇಳಿದ್ದು, ನಮ್ಮ ರಾಜ್ಯದಲ್ಲಿ ಕಾನೂನಾಯ್ತು. ಅವತ್ತು ನಾನು ಶಿರಸಿ ಬಸ್ ಸ್ಟ್ಯಾಂಡ್ ಹತ್ರ ಗೆಳೆಯರಿಗೆ ಪೇಡೆ ಹಂಚಿದೀನಿ. 2023ರಲ್ಲಿ ಮಿತಿ 1 ಕೋಟಿಗೆ ಏರ್ತು.

ಇನ್ನು ತೂತುಗಳ ವಿಷಯ.

ಒಂದು, ಕಾನೂನು ಎಣಿಸೋದು ಕಾಮಗಾರಿಗಳ *ಸಂಖ್ಯೆ*. ಮೊತ್ತ ಅಲ್ಲ. ಲೆಕ್ಕಕ್ಕೆ ಅಂತ ಇಟ್ಕೊಳ್ಳಿ, ಒಂದು ಕಚೇರಿ ನೂರು ಕಾಮಗಾರಿ ಕರೀತು. 17 ನಮಗೆ. ಆ 17ಕ್ಕೆ ಐದೈದು ಲಕ್ಷದ ಚರಂಡಿ, ಕಾಲುಸಂಕ ಹಾಕಿದ್ರೆ ಒಟ್ಟು 85 ಲಕ್ಷ. ಮೀಸಲಿಲ್ಲದ ಒಂದೇ ಒಂದು 95 ಲಕ್ಷದ ರಸ್ತೆ ಆ 17ನ್ನೂ ಮೀರಿಸತ್ತೆ. ಕಾಗದದಲ್ಲಿ ಎಲ್ಲ ಸರಿ.

ಎರಡು, ಮೀಸಲಾತಿ ಇರೋದು ಟೆಂಡರ್ ಕರೆಯೋ ಕೆಲಸಕ್ಕೆ. ಕಾಯ್ದೆಯ ಸೆಕ್ಷನ್ 4ರಲ್ಲಿ ವಿನಾಯಿತಿಗಳ ಪಟ್ಟಿ ಇದೆ, ಅದರಲ್ಲಿ 4(ಜಿ) ಅಂತ ಒಂದು ಬಾಗಿಲು. ಸರ್ಕಾರ ಅಧಿಸೂಚನೆ ಹೊರಡಿಸಿದ್ರೆ ಟೆಂಡರೇ ಬೇಡ. ಕೆಆರ್‌ಐಡಿಎಲ್, ನಿರ್ಮಿತಿ ಕೇಂದ್ರಗಳಿಗೆ ಕೆಲಸ ಹೋಗೋದು ಈ ದಾರೀಲಿ. ಬಡವರ ಕೈಗೆ ನೇರ ಕೆಲಸ ಅಂತ ಹುಟ್ಟಿದ ಲ್ಯಾಂಡ್ ಆರ್ಮಿ ಕತೆ ಹೇಳ್ತೀನಿ ಅಂದಿದ್ನಲ್ಲ, ಇದೇ ಅದು. ಅಲ್ಲಿಂದ ಕೆಲಸ ಮತ್ತೆ ಯಾರದ್ದೋ ಕೈಗೆ ದಾಟತ್ತೆ ಅನ್ನೋದು ಗುತ್ತಿಗೆದಾರರ ಹಳೇ ದೂರು. ಆ ದೂರು ಎಷ್ಟು ನಿಜ ಅಂತ ಪ್ರತಿ ಜಿಲ್ಲೆಯಲ್ಲೂ ಕಡತ ತೆಗೆದು ನೋಡಬೇಕು. ನನ್ನ ಮಾತು ಅದಕ್ಕೂ ಸರಳ: ಟೆಂಡರ್ ಪಟ್ಟಿಯಿಂದ ಹೊರಗೆ ಹೋದ ಪ್ರತಿ ಕಾಮಗಾರಿ ನಮ್ಮ 24.1%ರ ಲೆಕ್ಕದಿಂದಲೂ ಹೊರಗೆ ಹೋಗತ್ತೆ.

ಮೂರು, ಪ್ಯಾಕೇಜ್. ಹತ್ತು ಸಣ್ಣ ರಸ್ತೆಗಳನ್ನ ಒಂದು ಕಟ್ಟು ಕಟ್ಟಿದ್ರೆ ಮೊತ್ತ 1 ಕೋಟಿ ದಾಟತ್ತೆ, ಮೀಸಲಾತಿ ಮಾಯ. ಅವರಿಗೆ ಬೇಕಾದಾಗ ಇದೇ ಆಟ ಉಲ್ಟಾ ಕೂಡ ಆಡ್ತಾರೆ, ದೊಡ್ಡದನ್ನ ತುಂಡು ಮಾಡಿ ಟೆಂಡರ್ ಬೇಡದ ಸಣ್ಣ ಮೊತ್ತಕ್ಕೆ ಇಳಿಸ್ತಾರೆ.

ನಾಲ್ಕನೇದು ನಮ್ಮ ಮನೆಯೊಳಗಿನದು. ಬರೆಯೋಕೆ ಕಷ್ಟ.

ನಮ್ಮ ದೊಡ್ಡಪ್ಪನ ಮಗ, ನನಗೆ ಅಣ್ಣ. ಗಾರೆ ಕೆಲಸದಲ್ಲಿ ಇಪ್ಪತ್ತು ವರ್ಷ ಪಳಗಿದವನು. ಮಟ್ಟಗೋಲು ಇಡದೇ ಗೋಡೆ ಸೊಟ್ಟ ಎಲ್ಲಿದೆ ಅಂತ ಹೇಳ್ತಾನೆ. 2017ರಲ್ಲಿ ಅವನ ಹಿಂದೆ ಬಿದ್ದು, ನಾಲ್ಕನೇ ದರ್ಜೆ ಲೈಸೆನ್ಸ್ ಮಾಡಿಸು ಅಂತ ಪೀಡಿಸಿದವನು ನಾನೇ. ಮಾಡಿಸಿದ. ಮೀಸಲು ಕಾಮಗಾರಿ ಬಂತು. ಟೆಂಡರ್ ಹಾಕೋಕೆ ಇಎಂಡಿ ಕಟ್ಟಬೇಕು, ಡಿಜಿಟಲ್ ಸಹಿ ಬೇಕು, ಕೆಲಸ ಸಿಕ್ಕಿದ್ರೆ ಭದ್ರತಾ ಠೇವಣಿ, ಆಮೇಲೆ ಜಲ್ಲಿ, ಸಿಮೆಂಟು, ಕಬ್ಬಿಣ ಎಲ್ಲ ಮೊದಲು ನಮ್ಮ ಕೈಯಿಂದ. ಬಿಲ್ಲು ಯಾವಾಗ ಆಗತ್ತೋ ದೇವರಿಗೇ ಗೊತ್ತು. ಬ್ಯಾಂಕಲ್ಲಿ ಕೇಳಿದ್ರೆ ಅಡಮಾನಕ್ಕೆ ಏನಿದೆ ಅಂದ್ರು. ಅಣ್ಣನ ಹತ್ರ ಇದ್ದಿದ್ದು ಆಶ್ರಯ ಮನೆ.

ಆಗ ಒಬ್ಬರು ಬಂದ್ರು. ಹಳೇ ಕಂತ್ರಾಟುದಾರರು, ಒಳ್ಳೇ ಮಾತು. "ನೀ ಯಾಕೆ ತಲೆ ಕೆಡಿಸ್ಕೊಳ್ತೆ, ದುಡ್ಡು ನಾನು ಹಾಕ್ತೆ. ನೀ ಸಹಿ ಹಾಕು, ನಿಂಗೆ ಶೇಕಡಾ ಇಷ್ಟು." ಅಣ್ಣನ ಡಿಜಿಟಲ್ ಸಹಿಯ ಡೊಂಗಲ್ ಅವತ್ತಿಂದ ಅವರ ಮೇಜಿನ ಖಾನೆಯಲ್ಲಿ. ಚೆಕ್‌ಬುಕ್ಕೂ ಅಲ್ಲೇ. ಅಣ್ಣ ಎಷ್ಟು ಕಾಮಗಾರಿ 'ಮಾಡಿದ್ದಾನೆ' ಅಂತ ಅಣ್ಣನಿಗೇ ಗೊತ್ತಿಲ್ಲ. ಒಂದು ಕಾಮಗಾರಿಯಲ್ಲಿ ಅವನೇ ದಿನಗೂಲಿ ಗಾರೆಯವನಾಗಿ ಕೆಲಸ ಮಾಡಿದ್ದಾನೆ. ಕಾಗದದ ಪ್ರಕಾರ ತನಗೆ ತಾನೇ ಕೂಲಿ ಕೊಟ್ಕೊಂಡಿದ್ದಾನೆ!

ನಗು ಬರತ್ತೆ ಅಲ್ವಾ? ನಮಗೂ ಬಂದಿತ್ತು, ಜಿಎಸ್‌ಟಿ ನೋಟಿಸು ಬರೋ ತನಕ. ವಹಿವಾಟು ಅವನ ಹೆಸರಲ್ಲಿ, ತೆರಿಗೆ ಬಾಕಿ ಅವನ ಹೆಸರಲ್ಲಿ. ಮರು ಮಳೆಗಾಲಕ್ಕೆ ಒಂದು ಮೋರಿ ಕುಸೀತು. ದೋಷ ಸರಿಪಡಿಸಿ ಅಂತ ಪತ್ರ ಬಂದಿದ್ದು ಅಣ್ಣನ ಆಶ್ರಯ ಮನೆಗೆ. ಖಾನೆಯಲ್ಲಿ ಡೊಂಗಲ್ ಇಟ್ಕೊಂಡವರು ಫೋನ್ ಎತ್ತಲಿಲ್ಲ. ಕಚೇರೀಲಿ ಹೇಳಿದ್ರೆ, "ಸಹಿ ನಿಂದೇ ಅಲ್ವಾ" ಅಂದ್ರು. ಅಣ್ಣ ಹೆಂಡತಿಯ ಕುತ್ತಿಗೆಯಲ್ಲಿದ್ದಿದ್ದು ಅಡ ಇಟ್ಟು ಮೋರಿ ತಾನೇ ಕಟ್ಟಿದ. ಗಟ್ಟಿಯಾಗಿ ಕಟ್ಟಿದ್ದಾನೆ, ಈಗಲೂ ನಿಂತಿದೆ. ಅವನು ನಿಜವಾಗಿ ಮಾಡಿದ ಸರ್ಕಾರಿ ಕೆಲಸ ಅದೊಂದೇ, ಅದಕ್ಕೆ ಬಿಲ್ಲು ಇಲ್ಲ.

ಇದನ್ನ ಬರೀತೀನಿ ಅಂದಾಗ "ಬರಿ ತಮ್ಮಾ, ನನ್ನ ಹೆಸರು ಹಾಕಬೇಡ" ಅಂದ. ಹಾಕಿಲ್ಲ. ಆ ಕಂತ್ರಾಟುದಾರರ ಹೆಸರೂ ಹಾಕಲ್ಲ. ಅಂಥವರು ಪ್ರತಿ ತಾಲೂಕಲ್ಲೂ ಇದ್ದಾರೆ, ನಿಮ್ಮ ತಾಲೂಕಿನವರು ಯಾರು ಅಂತ ನಿಮಗೇ ಗೊತ್ತಿರತ್ತೆ.

ಕೆಲವು ನಮ್ಮ ಗೆಳೆಯರೇ ಕೇಳ್ತಾರೆ, ಹೆಸರು ಮಾರ್ಕೊಂಡವನದ್ದೂ ತಪ್ಪಲ್ವಾ ಅಂತ. ತಪ್ಪೇ. ಆದ್ರೆ ಬಂಡವಾಳ ಕೊಡದೇ ಟೆಂಡರ್ ಕೊಡೋದು, ದನ ಇಲ್ಲದವನಿಗೆ ಹಗ್ಗ ಕೊಟ್ಟ ಹಾಗೆ. ಹಗ್ಗ ದನ ಇದ್ದವನ ಮನೆಗೇ ಹೋಗತ್ತೆ. 2021ರಲ್ಲಿ ರಾಜ್ಯ ಗುತ್ತಿಗೆದಾರರ ಸಂಘ 40% ಕಮಿಷನ್ ಕೇಳ್ತಾರೆ ಅಂತ ಪ್ರಧಾನಿಗೇ ಪತ್ರ ಬರೀತು. ರಾಜಕೀಯದವರು ಅದನ್ನ ಚುನಾವಣೆಗೆ ಬಳಸಿದ್ರು, ಸರ್ಕಾರ ಬದಲಾಯ್ತು. ಬಿಲ್ಲು ತಡ ಆಗೋದು, ಕೈಬಿಸಿ ಮಾಡೋದು ನಿಂತಿಲ್ಲ ಅಂತ ಈಗಲೂ ಸಣ್ಣ ಗುತ್ತಿಗೆದಾರರು ಹೇಳ್ತಾರೆ. ಹತ್ತು ಟಿಪ್ಪರ್ ಇದ್ದವನು ಎರಡು ವರ್ಷ ಬಿಲ್ಲಿಗೆ ಕಾಯ್ತಾನೆ. ಆಶ್ರಯ ಮನೆಯವನು ಎರಡು ತಿಂಗಳು ಕಾಯೋದ್ರಲ್ಲಿ ಮುಗೀತು.

ನಮ್ಮ ಜಿಲ್ಲೆಗೆ ಇನ್ನೊಂದು ವಿಶೇಷ ನೆಪ ಇದೆ. ಉತ್ತರ ಕನ್ನಡದಲ್ಲಿ ಪರಿಶಿಷ್ಟ ಜಾತಿಯವರು ನೂರಕ್ಕೆ ಎಂಟರ ಆಸುಪಾಸು, ರಾಜ್ಯದ ಸರಾಸರಿಯ ಅರ್ಧವೂ ಇಲ್ಲ. ಚೆನ್ನಯ್ಯ, ಮುಕ್ರಿ, ಆಗೇರ, ಹಳ್ಳೇರ ಅಂತ ಚದುರಿ ಹೋಗಿದ್ದೀವಿ. ಯಲ್ಲಾಪುರದ ಕಡೆಯ ಸಿದ್ದಿಗಳು ಪಂಗಡದ ಪಟ್ಟಿಗೆ ಸೇರಿದ್ದೇ 2003ರಲ್ಲಿ. "ಅರ್ಹ ಗುತ್ತಿಗೆದಾರರು ಬರಲಿಲ್ಲ" ಅಂತ ಒಂದು ಸಾಲು ಬರೆದ್ರೆ ಕಾಮಗಾರಿ ಸಾಮಾನ್ಯಕ್ಕೆ ಹೋಗತ್ತೆ, ಕಾನೂನಲ್ಲೇ ಅವಕಾಶ ಇದೆ. ಅರ್ಹರನ್ನ ತಯಾರು ಮಾಡೋಕೆ ಯಾವ ಇಲಾಖೆ ಏನು ಮಾಡ್ತು ಅಂತ ಯಾರೂ ಕೇಳಲ್ಲ.

2025ರ ಮಾರ್ಚಲ್ಲಿ ಮತ್ತೊಂದು ತಿದ್ದುಪಡಿ ಮಸೂದೆ ಪಾಸಾಯ್ತು. ಕಾಮಗಾರಿ ಮಿತಿ 2 ಕೋಟಿಗೆ, ಸರಕು ಮತ್ತು ಸೇವೆಗೂ 1 ಕೋಟಿವರೆಗೆ ಮೀಸಲಾತಿ, ಜೊತೆಗೆ ಪ್ರವರ್ಗ 2ಬಿಗೆ, ಅಂದ್ರೆ ಮುಸ್ಲಿಮರಿಗೆ, 4%. ಪ್ರವರ್ಗ 1 ಮತ್ತು 2ಎಗೆ ಅಷ್ಟರಲ್ಲಾಗಲೇ ಇತ್ತು. ಟಿವಿಯವರಿಗೆ ಕಂಡಿದ್ದು ಆ 4% ಮಾತ್ರ. ಏಪ್ರಿಲಲ್ಲಿ ರಾಜ್ಯಪಾಲರು ಮಸೂದೆಯನ್ನ ರಾಷ್ಟ್ರಪತಿಗಳಿಗೆ ಅಂತ ಕಾಯ್ದಿರಿಸಿದ್ರು. ಅದೇ ಕಡತದೊಳಗೆ ನಮ್ಮ 2 ಕೋಟಿಯೂ ಇತ್ತು ಅಂತ ನಮ್ಮವರೇ ಎಷ್ಟೋ ಜನಕ್ಕೆ ಗೊತ್ತಿಲ್ಲ. ಮುಸ್ಲಿಂ ಸಣ್ಣ ಗುತ್ತಿಗೆದಾರನ ಮೇಲೆ ನನಗೆ ಸಿಟ್ಟಿಲ್ಲ. ಅವನೂ ನಮ್ಮಣ್ಣನ ಹಾಗೆ ಗಾರೆ ಕೆಲಸದಿಂದ ಬಂದವನೇ. ನನಗೆ ಮುಖ್ಯ ಅನ್ನಿಸಿದ್ದು ಸರಕು ಮತ್ತು ಸೇವೆ ಅನ್ನೋ ಎರಡು ಶಬ್ದ. ಹಾಸ್ಟೆಲ್ಲಿನ ತರಕಾರಿ, ಹಾಸಿಗೆ, ಸಮವಸ್ತ್ರ, ಇವಕ್ಕೆ ಟಿಪ್ಪರ್ ಬೇಡ. ನಮ್ಮ ಹೆಣ್ಣುಮಕ್ಕಳ ಸಂಘಗಳು ನಾಳೆಯೇ ಮಾಡಬಲ್ಲ ಕೆಲಸ.

ಇಲ್ಲಿ ಒಮ್ಮೆ ಅಮೆರಿಕಾಕ್ಕೆ ಹೋಗಿ ಬರೋಣ, ಹತ್ತಿ ದಾರಿಯಲ್ಲೇ. ಅಂತರ್ಯುದ್ಧದಲ್ಲಿ ಗುಲಾಮಗಿರಿ ಉಳಿಸೋಕೆ ಹೋರಾಡಿದ ದಕ್ಷಿಣದವರ ರಾಜಧಾನಿ ರಿಚ್‌ಮಂಡ್. 1983ರಲ್ಲಿ ಆ ನಗರಸಭೆ ಒಂದು ನಿಯಮ ಮಾಡ್ತು: ನಗರದ ಗುತ್ತಿಗೆ ಪಡೆದವರು ಮೊತ್ತದ 30%ನ್ನ ಕರಿಯರು ಮತ್ತಿತರ ಅಲ್ಪಸಂಖ್ಯಾತರ ಸಂಸ್ಥೆಗಳಿಗೆ ಉಪಗುತ್ತಿಗೆ ಕೊಡಬೇಕು. ನಗರದ ಜನರಲ್ಲಿ ಅರ್ಧ ಕರಿಯರು. ಹಿಂದಿನ ಐದು ವರ್ಷದ ಮುಖ್ಯ ಗುತ್ತಿಗೆಗಳಲ್ಲಿ ಅವರಿಗೆ ಸಿಕ್ಕಿದ್ದು 0.67%. ಬಿಳಿಯನೊಬ್ಬನ ಕಂಪನಿ ಕೋರ್ಟಿಗೆ ಹೋಯ್ತು. 1989ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ನಿಯಮವನ್ನೇ ರದ್ದು ಮಾಡ್ತು. ಕೆಲಸ ಮಾಡಬಲ್ಲ ಕರಿಯ ಗುತ್ತಿಗೆದಾರರು ಎಷ್ಟಿದ್ರು, ಅವರನ್ನ ಬಿಟ್ಟಿದ್ದಕ್ಕೆ ನಿರ್ದಿಷ್ಟ ಪುರಾವೆ ಎಲ್ಲಿದೆ ಅಂತ ಕೇಳ್ತು. ತೀರ್ಪು ನನಗೆ ಒಪ್ಪಿಗೆ ಇಲ್ಲ. ಆದ್ರೆ ಆಮೇಲೆ ಅಲ್ಲಿನ ನಗರಗಳು ಏನು ಮಾಡಿದ್ವು? ಯಾರಿಗೆ ಎಷ್ಟು ಗುತ್ತಿಗೆ ಹೋಯ್ತು ಅಂತ ಜನಾಂಗವಾರು ಲೆಕ್ಕ ತೆಗೆಯೋಕೆ ಕೂತ್ವು. ನಮ್ಮಲ್ಲಿ ಅಂಥ ಲೆಕ್ಕ ತಾಲೂಕುವಾರು ಯಾರಾದ್ರೂ ಇಟ್ಟಿದ್ದಾರಾ? ನಾಳೆ ಯಾರಾದ್ರೂ ಕೋರ್ಟಿಗೆ ಹೋಗಿ ಪುರಾವೆ ಕೇಳಿದ್ರೆ ನಮ್ಮ ಕೈಯಲ್ಲಿ ಏನಿರತ್ತೆ?

ಅದಕ್ಕೆ ಮಾವ ಮತ್ತು ನಾನು ಒಂದು ಕೆಲಸ ಶುರು ಮಾಡಿದ್ದೀವಿ. ನಿಲ್ಕುಂದದಿಂದ ಹಿಡಿದು ಸುತ್ತಲ ಪಂಚಾಯ್ತಿಗಳಿಗೆ, ತಾಲೂಕಿನ ಕಾಮಗಾರಿ ಇಲಾಖೆಗಳಿಗೆ ಮಾಹಿತಿ ಹಕ್ಕಿನ ಅರ್ಜಿ. ಹತ್ತು ರೂಪಾಯಿ ಪೋಸ್ಟಲ್ ಆರ್ಡರ್. ನೆನಪಿರಲಿ, ಕರ್ನಾಟಕದ ನಿಯಮದಲ್ಲಿ ಅರ್ಜಿ 150 ಪದ ಮೀರಬಾರದು, ಒಂದು ಅರ್ಜಿಗೆ ಒಂದೇ ವಿಷಯ, ಇಲ್ಲಾಂದ್ರೆ ಅದೇ ಕಾರಣ ಹೇಳಿ ವಾಪಸ್ ಕಳಿಸ್ತಾರೆ. ನಾವು ಕೇಳಿದ್ದು ಇಷ್ಟು: 2017ರಿಂದ ಈಚೆಗೆ ಮಿತಿಯೊಳಗಿನ ಒಟ್ಟು ಕಾಮಗಾರಿ ಎಷ್ಟು, ಮೊತ್ತ ಎಷ್ಟು. ಮೀಸಲಿಟ್ಟಿದ್ದು ಯಾವುವು, ಒಂದೊಂದರ ಮೊತ್ತ ಎಷ್ಟು. ಟೆಂಡರ್ ಇಲ್ಲದೇ ಕೊಟ್ಟಿದ್ದು ಯಾವುವು. ಅರ್ಹರಿಲ್ಲ ಅಂತ ಸಾಮಾನ್ಯಕ್ಕೆ ಬಿಟ್ಟಿದ್ದು ಎಷ್ಟು. ಉದ್ಯೋಗ ಖಾತ್ರಿ ಕೆಲಸಗಳ ಸಾಮಗ್ರಿ ಬಿಲ್ಲುಗಳ ಬಗ್ಗೆ ಬೇರೆ ಅರ್ಜಿ. ಅಲ್ಲಿ ಗುತ್ತಿಗೆದಾರ ಇರಲೇಬಾರದು ಅಂತ 2005ರ ಕಾಯ್ದೆಯಲ್ಲೇ ಇತ್ತು. ಆದ್ರೆ ಖರ್ಚಿನಲ್ಲಿ 40%ವರೆಗೆ ಸಾಮಗ್ರಿಗೆ ಹೋಗಬಹುದಿತ್ತು. ಜಲ್ಲಿ, ಸಿಮೆಂಟು ಯಾರ ಅಂಗಡಿಯಿಂದ ಬಂತು ಅಂತ ನೋಡಿದ್ರೆ ಹಳೇ ಕಂತ್ರಾಟುದಾರರ ಮನೆತನಗಳೇ ಸಿಗ್ತಾವೋ ಏನೋ, ನೋಡೋಣ. ಈಗ ನಡೀತಿರೋ ಟೆಂಡರ್‌ಗಳನ್ನ ಕೆಪಿಪಿಪಿ ಪೋರ್ಟಲ್ಲಲ್ಲಿ ಮನೆಯಲ್ಲೇ ಕೂತು ನೋಡಬಹುದು, ಮೊಬೈಲ್ ಇದ್ದ ಹುಡುಗರು ದಿನಾ ಹತ್ತು ನಿಮಿಷ ಇಟ್ರೆ ಸಾಕು.

ಅರ್ಜಿ ಹಾಕಿ ಹನ್ನೊಂದು ದಿನ ಆಯ್ತು. 30 ದಿನ ಅವರಿಗೆ ಟೈಮು ಇದೆ. ನಿನ್ನೆ ಮಾವನ ಫೋನ್ ಬಂದಿತ್ತು. ಯಾರೋ ಬಂದು ಆ ಮೋರಿ ಬೋರ್ಡಿಗೆ ಹೊಸ ಬಣ್ಣ ಹೊಡೀತಿದ್ದಾರಂತೆ. ಹೆಸರು ಬರೆದ್ರಾ ಅಂತ ಕೇಳಿದೆ. "ಬಿಳಿ ಬಣ್ಣ ಇನ್ನೂ ಒಣಗಿಲ್ಲ, ನಾಳೆ ಹೋಗಿ ನೋಡ್ತೆ" ಅಂದ.

ಉತ್ತರ ಬಂದ ಹಾಗೆ ಇಲ್ಲೇ ಹಾಕ್ತೀನಿ. ನಿಮ್ಮ ತಾಲೂಕಿದ್ದು ನೀವೂ ಹಾಕಿ, ಅರ್ಜಿ ನಮೂನೆ ಬೇಕಾದವರು ಇನ್‌ಬಾಕ್ಸಿಗೆ ಬನ್ನಿ.

ಜೈ ಭೀಮ್.